ಅಷ್ಟಾವಕ್ರನ ಕಥೆಯೂ ನಮ್ಮ ಮಕ್ಕಳೂ

ಅಂಗವೈಕಲ್ಯವುಳ್ಳ ಮಕ್ಕಳಿಗೆ ಧೈರ್ಯ ಹೇಳಬೇಕೆಂದಾಗ ನಮ್ಮ ಹಿರಿಯರಿಗೂ ಉಪಾಧ್ಯಾಯರಿಗೂ ಥಟ್ಟನೆ ನೆನಪಾಗುವುದು ಅಷ್ಟಾವಕ್ರನ ಕಥೆ. ಎಂಟು ಕಡೆ ಸೊಟ್ಟಗಾದ ಮೈಯ ಹುಡುಗ ಜನಕರಾಜನ ಆಸ್ಥಾನಕ್ಕೆ ಹೋದನಂತೆ. ಸಭೆ ಗೊಳ್ಳೆಂದು ನಕ್ಕಿತಂತೆ. ಇವರು ಪಂಡಿತರಲ್ಲ, ತೊಗಲು ನೋಡುವ ಚಮ್ಮಾರರು ಎಂದು ಅವನೂ ನಕ್ಕನಂತೆ. ಕೇಳಲು ಚೆನ್ನಾಗಿದೆ. ಆದರೆ ತನಗಾದ ಅವಮಾನವನ್ನು ಇನ್ನೊಬ್ಬರ ಕಸುಬನ್ನು ಹೀಗಳೆದು ತೀರಿಸಿಕೊಳ್ಳುವುದು ಎಂಥ ಆತ್ಮಗೌರವ?

ಮಹಾಭಾರತದ ವನಪರ್ವದಲ್ಲಿ ಈ ನಗೆಯ ಪ್ರಸಂಗವೇ ಇಲ್ಲ. ಅಲ್ಲಿ ದ್ವಾರಪಾಲಕನು ಅವನನ್ನು ತಡೆಯುವುದು ಮೈ ಸೊಟ್ಟಗಿದೆಯೆಂದಲ್ಲ, ಚಿಕ್ಕ ಹುಡುಗನೆಂದು. ನರೆತ ಕೂದಲಿನಿಂದ ಯಾರೂ ಹಿರಿಯರಾಗುವುದಿಲ್ಲವೆಂದು ವಾದಿಸಿ ಒಳಹೊಕ್ಕ ಬಾಲಕ ಬಂದಿಯನ್ನು ಸೋಲಿಸಿ ತಂದೆಯನ್ನು ಮರಳಿ ಪಡೆಯುತ್ತಾನೆ. ವೈಕಲ್ಯ ಅವನಿಗೆ ಅಲಂಕಾರವೂ ಅಲ್ಲ, ಅಡ್ಡಿಯೂ ಅಲ್ಲ. ಮೂಲವೇ ನಮ್ಮ ಜನಪ್ರಿಯ ಕಥೆಗಿಂತ ಉದಾರವಾಗಿದೆ.

ತೊಡಕಿರುವುದು ಮುಕ್ತಾಯದಲ್ಲಿ. ತಂದೆಯ ಮಾತಿನಂತೆ ಸಮಂಗಾ ನದಿಗಿಳಿದ ಅಷ್ಟಾವಕ್ರನ ಅಂಗಾಂಗಗಳು ನೆಟ್ಟಗಾಗುತ್ತವೆ. ಕುಂದಾಪುರದ ಕೋಡಿಯಲ್ಲಿ ಕಾಲೆಳೆದು ನಡೆಯುವ ಮಗುವೊಂದು ಇದನ್ನು ಕೇಳಿತೆನ್ನಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಪಂಚಗಂಗಾವಳಿಯ ಅಳಿವೆ. ಎಷ್ಟು ಮುಳುಗೆದ್ದರೂ ಕಾಲು ಇದ್ದ ಹಾಗೆಯೇ ಇರುತ್ತದೆ. ಹಾಗಾದರೆ ತನ್ನಲ್ಲಿಯೇ ಯೋಗ್ಯತೆ ಸಾಲದೆಂದು ಅದು ತಿಳಿಯದೆ?

ಇನ್ನೊಂದು ತುದಿಯಲ್ಲಿ ಗೂನುಬೆನ್ನಿನ ಮಂಥರೆಯಿದ್ದಾಳೆ, 'ಕುಂಟನಿಗೆ ಎಂಟು ಚೇಷ್ಟೆ' ಎಂಬ ಗಾದೆಯಿದೆ. ಮಹಾಜ್ಞಾನಿ, ಇಲ್ಲವೇ ಕುಹಕಿ. ಸಾಧಾರಣ ಮಗುವಿಗೆ ಈ ನಡುವೆ ಜಾಗವೆಲ್ಲಿ? ಕುರುಡು ಮಗುವಿಗೆ ಪುಟ್ಟರಾಜ ಗವಾಯಿಗಳಂತಾಗು (1914–2010) ಎನ್ನುವುದೂ ಹರಕೆಯೆಂಬ ಹೊರೆ. ಅವರ ಬಾಳಿನಲ್ಲಿ ನಾವು ಹೇಳಬೇಕಾದದ್ದು ಗದಗಿನ ವೀರೇಶ್ವರ ಪುಣ್ಯಾಶ್ರಮದ ಸಂಗತಿ: ತಾವೂ ಅಂಧರಾಗಿದ್ದ ಗುರು ಪಂಚಾಕ್ಷರಿ ಗವಾಯಿಗಳು, ಜೊತೆಯಲ್ಲಿ ಕಲಿಯುವ ಮಕ್ಕಳು, ದಿನದಿನದ ಸಾಧನೆ. ಧೈರ್ಯ ಬರುವುದು ಇಂಥ ಒಡನಾಟದಿಂದ.

1964ರಲ್ಲಿ ಎನ್. ಲಕ್ಷ್ಮೀನಾರಾಯಣರ 'ನಾಂದಿ' ಚಿತ್ರ ಕಿವಿ ಕೇಳದ, ಮಾತು ಬಾರದ ಹೆಣ್ಣನ್ನು ಗೃಹಿಣಿಯಾಗಿ, ತಾಯಿಯಾಗಿ ತೋರಿಸಿತು. ಆ ದಾರಿ ಮಕ್ಕಳ ಕಥೆಗಳಿಗೂ ಬೇಕು. ಕಾಲೆಳೆಯುವ ಹುಡುಗಿ ಕಥೆಯಲ್ಲಿ ಜಗಳವಾಡಲಿ, ಬೈಸಿಕೊಳ್ಳಲಿ, ಆಟದಲ್ಲಿ ಸೋಲಲಿ, ಗೆಲ್ಲಲಿ. ಅಷ್ಟಾವಕ್ರನ ಕಥೆಯನ್ನೂ ಅವಶ್ಯವಾಗಿ ಹೇಳೋಣ. ಆದರೆ ಮಗ ತಂದೆಯ ಜೊತೆ, ಇದ್ದ ಮೈಯಲ್ಲೇ, ಮನೆಗೆ ಹೊರಟಲ್ಲಿಗೆ ನಿಲ್ಲಿಸೋಣ.