ಬೃಹತ್ಸಂಹಿತೆಯ ಭೂಕಂಪಲಕ್ಷಣಾಧ್ಯಾಯ: ಅರ್ಥವಿಮರ್ಶೆ

ಕ್ರಿ. ಶ. ೬ನೆಯ ಶತಮಾನದ ವರಾಹಮಿಹಿರಾಚಾರ್ಯನು ತನ್ನ ಬೃಹತ್ಸಂಹಿತೆಯ ೩೨ನೆಯ ಅಧ್ಯಾಯವನ್ನು ಭೂಕಂಪದ ವಿಚಾರಕ್ಕೆ ಮೀಸಲಾಗಿರಿಸಿದ್ದಾನೆ. ಅಲ್ಲಿ ಬರುವ ರೆಕ್ಕೆಯುಳ್ಳ ಪರ್ವತಗಳ ಕಥೆಯನ್ನು ಹಿಡಿದು, ಭೂಖಂಡಗಳು ಚಲಿಸುವುವೆಂಬ ಆಧುನಿಕ ಸಿದ್ಧಾಂತವು ಪ್ರಾಚೀನರಿಗೆ ವಿದಿತವಾಗಿತ್ತೆಂದು ಸಾಧಿಸುವವರುಂಟು. ಬಡಬಾಗ್ನಿಯೆಂದರೆ ಸಮುದ್ರತಳದ ಜ್ವಾಲಾಮುಖಿಯೇ ಎನ್ನುವವರೂ ಉಂಟು. ಗ್ರಂಥಾಭಿಮಾನದಿಂದ ಹುಟ್ಟಿದ ಈ ಅರ್ಥವು ಗ್ರಂಥಕ್ಕೆ ಒಪ್ಪುವುದೇ ಎಂಬುದು ವಿಚಾರಾರ್ಹವಾದುದು.

ಮೊದಲು ಮೂಲದಲ್ಲಿರುವುದನ್ನು ನೋಡತಕ್ಕದ್ದು. ಆಚಾರ್ಯನು ಆರಂಭದಲ್ಲಿ ಪರಮತಗಳನ್ನು ಸಂಗ್ರಹಿಸುತ್ತಾನೆ. ನೀರಿನಲ್ಲಿ ವಾಸಿಸುವ ಮಹಾಪ್ರಾಣಿಯಿಂದ ನೆಲವು ನಡುಗುವುದೆಂದು ಕೆಲವರು. ಭೂಭಾರದಿಂದ ಬಳಲಿದ ದಿಗ್ಗಜಗಳು ವಿಶ್ರಮಿಸುವುದರಿಂದ ಎಂದು ಕೆಲವರು. ಗಾಳಿಗೆ ಗಾಳಿ ತಾಗಿ ನೆಲಕ್ಕೆ ಬೀಳುವುದರಿಂದ ಎಂದು ಮತ್ತೆ ಕೆಲವರು. ಅದೃಷ್ಟವೇ ಕಾರಣವೆಂದು ಇನ್ನು ಕೆಲವರು. ೧೦ನೆಯ ಶತಮಾನದ ಟೀಕಾಕಾರ ಭಟ್ಟೋತ್ಪಲನು ಈ ಮತಗಳನ್ನು ಕಾಶ್ಯಪ, ಗರ್ಗ, ವಸಿಷ್ಠ ಮೊದಲಾದವರವೆಂದು ಗುರುತಿಸಿದ್ದಾನೆ. ಬಳಿಕ ಕಥೆ ಬರುತ್ತದೆ. ಹಾರಿ ಇಳಿಯುವ ಪರ್ವತಗಳ ಬಾಧೆಯನ್ನು ತಾಳಲಾರದೆ ಭೂದೇವಿಯು ಬ್ರಹ್ಮನಲ್ಲಿ ಮೊರೆಯಿಡುತ್ತಾಳೆ. ಇಂದ್ರನು ಅವುಗಳ ರೆಕ್ಕೆಗಳನ್ನು ಕತ್ತರಿಸುತ್ತಾನೆ. ಆದರೆ ಅಂದಿನಿಂದ ವಾಯು, ಅಗ್ನಿ, ಇಂದ್ರ, ವರುಣರು ಹಗಲಿರುಳುಗಳ ನಾಲ್ಕು ಭಾಗಗಳಲ್ಲಿ ಶುಭಾಶುಭಗಳನ್ನು ತಿಳಿಸಲು ಭೂಮಿಯನ್ನು ಅಲುಗಿಸುವರು. ಮುಂದಿನ ಭಾಗವೆಲ್ಲ ಈ ನಾಲ್ಕು ಮಂಡಲಗಳ ನಕ್ಷತ್ರ, ಲಕ್ಷಣ, ಫಲಗಳ ವಿವರಣೆ.

ಉಪಕ್ರಮ, ಉಪಸಂಹಾರ, ಅಭ್ಯಾಸ ಮೊದಲಾದವುಗಳಿಂದ ತಾತ್ಪರ್ಯವನ್ನು ನಿರ್ಣಯಿಸಬೇಕೆಂಬುದು ಮೀಮಾಂಸಕರ ಮರ್ಯಾದೆ. ಈ ಅಧ್ಯಾಯದಲ್ಲಿ ಮತ್ತೆ ಮತ್ತೆ ಬರುವುದು ಫಲವೇ ಹೊರತು ಕಾರಣವಲ್ಲ. ಪರ್ವತಗಳ ಕಥೆಯೂ ಫಲನಿರೂಪಣೆಗೆ ಪೀಠಿಕೆಯಾಗಿ ನಿಂತಿದೆ. ಅದೂ ಅಲ್ಲದೆ ಈ ಕಥೆಯ ಮೂಲವು ಮೈತ್ರಾಯಣೀ ಸಂಹಿತೆಯಲ್ಲಿದೆ. ಇಂದ್ರನು ರೆಕ್ಕೆಗಳನ್ನು ಕಡಿದು ಪರ್ವತಗಳಿಂದ ಭೂಮಿಯನ್ನು ಸ್ಥಿರಗೊಳಿಸಿದನೆಂದೂ, ಆ ರೆಕ್ಕೆಗಳೇ ಮೇಘಗಳಾದುವೆಂದೂ ಅಲ್ಲಿಯ ಅಭಿಪ್ರಾಯ. ಎಂದರೆ, ಪರ್ವತಗಳು ಈಗ ಏಕೆ ಅಚಲವಾಗಿವೆ ಎಂಬುದಕ್ಕೆ ಈ ಕಥೆಯು ಸಮಾಧಾನ. ಆಧುನಿಕ ಸಿದ್ಧಾಂತವು ಇದಕ್ಕೆ ನೇರವಾಗಿ ವಿರುದ್ಧವಾದುದು. ಅದರ ಪ್ರಕಾರ ಅಚಲವೆಂಬ ಪರ್ವತವೇ ಇಲ್ಲ.

ಆ ಸಿದ್ಧಾಂತವಾದರೂ ಒಮ್ಮೆಗೆ ಅಂಗೀಕೃತವಾದುದಲ್ಲ. ೧೯೧೨ರಲ್ಲಿ ಆಲ್ಫ್ರೆಡ್ ವೆಗೆನರನು ಖಂಡಗಳ ಚಲನೆಯನ್ನು ಪ್ರತಿಪಾದಿಸಿದಾಗ ಚಲಿಸುವ ಶಕ್ತಿ ಯಾವುದೆಂದು ವಿದ್ವಾಂಸರು ಆಕ್ಷೇಪಿಸಿದರು. ೧೯೬೦ರ ದಶಕದಲ್ಲಿ ಸಾಗರತಳವನ್ನು ಶೋಧಿಸಿದ ಮೇಲೆ, ಭೂಮಿಯ ಹೊರಕವಚವು ಹಲವು ಫಲಕಗಳಾಗಿ ಒಡೆದಿರುವುದೆಂದೂ ಅವು ವರ್ಷಕ್ಕೆ ಕೆಲವು ಸೆಂಟಿಮೀಟರುಗಳಷ್ಟು ಸರಿಯುವುವೆಂದೂ ಸಿದ್ಧವಾಯಿತು. ಭಾರತದ ಫಲಕವು ಸುಮಾರು ೫ ಕೋಟಿ ವರ್ಷಗಳ ಹಿಂದೆ ಯುರೇಷಿಯಾದೊಡನೆ ಘಟ್ಟಿಸಿತು; ಅದರಿಂದ ಹಿಮಾಲಯವೆದ್ದಿತು. ಫಲಕಗಳ ಅಂಚುಗಳು ಘರ್ಷಣೆಯಿಂದ ಕಚ್ಚಿಕೊಂಡು ನಿಲ್ಲುವುವು. ಬಲವು ಶತಮಾನಗಳವರೆಗೆ ಸಂಚಿತವಾಗುವುದು. ಶಿಲೆಯು ತಾಳಲಾರದಾದಾಗ ಒಮ್ಮೆಗೇ ಜಾರುವುದು. ಅದೇ ಭೂಕಂಪ. ಒಂದು ಫಲಕವು ಇನ್ನೊಂದರ ಕೆಳಗೆ ಇಳಿಯುವಲ್ಲಿ, ಅದರೊಡನೆ ಹೋದ ನೀರು ಮೇಲಣ ಬಿಸಿಶಿಲೆಯನ್ನು ಸುಲಭವಾಗಿ ಕರಗುವಂತೆ ಮಾಡುವುದು. ಆ ದ್ರವವು ಮೇಲೇರಿದರೆ ಜ್ವಾಲಾಮುಖಿ. ಅಂಡಮಾನ್ ಸಮುದ್ರದ ಬ್ಯಾರೆನ್ ದ್ವೀಪವು ಹೀಗೆ ಹುಟ್ಟಿದುದು.

ಬಡಬಾಗ್ನಿಯ ವಿಷಯವೂ ಹೀಗೆಯೇ. ಪುರಾಣಗಳಲ್ಲಿ ಅದರ ಕಾರ್ಯವು ನೀರನ್ನು ಕುಡಿಯುವುದು. ಇಷ್ಟು ನದಿಗಳು ಸೇರಿದರೂ ಕಡಲು ಏಕೆ ದಡಮೀರದೆಂಬ ಪ್ರಶ್ನೆಗೆ ಅದು ಉತ್ತರ. ಶಿಲೆಯನ್ನು ಕರಗಿಸಿ ದ್ವೀಪವನ್ನು ಕಟ್ಟುವ ಕಾರ್ಯವನ್ನು ಅದಕ್ಕೆ ಆರೋಪಿಸಿದರೆ ಕಥೆಯ ಪ್ರಯೋಜನವೇ ನಷ್ಟವಾಗುವುದು.

ಇದು ಕೇವಲ ಪಂಡಿತರ ವಾದವೆಂದು ಉಪೇಕ್ಷಿಸತಕ್ಕದ್ದಲ್ಲ. ಕಂಪದಲ್ಲಿ ಫಲವನ್ನು ಓದುವ ಅಭ್ಯಾಸವು ಹಿರಿಯರನ್ನೂ ಬಿಟ್ಟಿಲ್ಲ. ೧೯೩೪ನೆಯ ಜನವರಿ ೧೫ರ ಬಿಹಾರದ ಭೂಕಂಪವು ಅಸ್ಪೃಶ್ಯತೆಯ ಪಾಪಕ್ಕೆ ದೈವವಿತ್ತ ದಂಡನೆಯೆಂದು ಮಹಾತ್ಮಾ ಗಾಂಧಿಯವರು ಹೇಳಿದರು; ರವೀಂದ್ರನಾಥ ಠಾಕೂರರು ಅದನ್ನು ಪ್ರತಿಭಟಿಸಿದರು. ಗಾಂಧಿಯವರ ಉದ್ದೇಶವು ಪವಿತ್ರವಾದುದಾದರೂ, ಆ ತರ್ಕದಲ್ಲಿ ಸತ್ತ ಕೂಸಿನ ಮೇಲೂ ಅಪರಾಧವು ಬಿದ್ದೀತು. ೧೯೯೩ನೆಯ ಸೆಪ್ಟೆಂಬರ್ ೩೦ರ ನಸುಕಿನಲ್ಲಿ ಕರ್ಣಾಟಕದ ಗಡಿಗೆ ಸಮೀಪದ ಕಿಲ್ಲಾರಿಯ ಸುತ್ತಿನಲ್ಲಿ ಸಾವಿರಾರು ಜನ ಮಡಿದರು. ಕಂಪದ ಪ್ರಮಾಣವು ೬.೨ ಮಾತ್ರ, ಕೊಂದುದು ಕಲ್ಲುಮಣ್ಣಿನ ಭಾರವಾದ ಗೋಡೆ ಮಾಳಿಗೆಗಳು. ಕಾರಣವನ್ನರಿತವನು ಗೋಡೆಯನ್ನು ತಿದ್ದುವನು. ಫಲವನ್ನೋದುವವನು ಶಾಂತಿಯಿಂದ ತೃಪ್ತನಾಗುವನು.

ಹಾಗಾದರೆ ಅಧ್ಯಾಯವು ನಿರರ್ಥಕವೇ? ಅಲ್ಲ. ಒಂದು ಕಂಪವಾದ ಮೇಲೆ ೩, ೪, ೭ನೆಯ ದಿನಗಳಲ್ಲಿಯೂ ಪಕ್ಷ ಮಾಸಗಳ ಅನಂತರವೂ ಮರುಕಂಪವಾಗುವುದನ್ನು ಆಚಾರ್ಯನು ಎಣಿಸಿದ್ದಾನೆ. ರಾಜನಾಶವೆಂಬ ಫಲವನ್ನು ಕಳೆದರೆ ಉಳಿಯುವುದು ಎಚ್ಚರವುಳ್ಳ ಕಣ್ಣುಗಳ ಅನುಭವ. ವಾಯುವು ೨೦೦, ಅಗ್ನಿಯು ೧೧೦ ಯೋಜನಗಳವರೆಗೆ ನೆಲವನ್ನಲುಗಿಸುವರೆಂಬಲ್ಲಿಯೂ, ಕಂಪಕ್ಕೆ ಮೇರೆಯುಂಟು, ಆ ಮೇರೆಯನ್ನು ಅಳೆಯಬಹುದು ಎಂಬ ಬುದ್ಧಿಯಿದೆ. ತನಗೆ ಸಮ್ಮತವಲ್ಲದ ಮತಗಳನ್ನೂ ಮರೆಯಿಸದೆ ಮುಂದಿಟ್ಟ ಪ್ರಾಮಾಣಿಕತೆಯು ಇವೆಲ್ಲಕ್ಕಿಂತಲೂ ದೊಡ್ಡದು. ಗ್ರಂಥದಲ್ಲಿಲ್ಲದ ಸಿದ್ಧಾಂತವನ್ನು ಅದರ ಬಾಯಿಂದ ಹೇಳಿಸುವ ವ್ಯಾಖ್ಯಾತೃವು ಮೊದಲು ಮುಚ್ಚಿಹಾಕುವುದು ಈ ಗುಣಗಳನ್ನೇ. ವರಾಹಮಿಹಿರನನ್ನು ವರಾಹಮಿಹಿರನಾಗಿ ಓದಿಸುವುದೇ ಅಧ್ಯಾಪಕರಿಗೆ ವಿಹಿತವಾದ ಮಾರ್ಗ.