ತಿಂಗಳ ಲೆಕ್ಕ, ತಾಸಿನ ನದಿ

ಕಾವೇರಿಗೆ ಕರ್ನಾಟಕ ಕಟ್ಟಹೊರಟಿರುವ ಮೇಕೆದಾಟು ಅಣೆಕಟ್ಟು ಯೋಜನೆಯ ಬಗ್ಗೆ ತಮಿಳುನಾಡು ಎತ್ತಿದ್ದ ತಕರಾರನ್ನು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಅಕಾಲಿಕವೆಂದು ಬದಿಗಿಟ್ಟ ಮೇಲೆ ಗಡಿಯ ಎರಡೂ ಕಡೆ ಟಿಎಂಸಿಯದೇ ಮಾತು. ಒಂಟಿಗುಂಡ್ಲು ಬಳಿ ಏಳುವ ಅಣೆಕಟ್ಟಿನಲ್ಲಿ 67.16 ಟಿಎಂಸಿ ನೀರು ನಿಲ್ಲಬೇಕು, 400 ಮೆಗಾವ್ಯಾಟ್ ವಿದ್ಯುತ್ ಹುಟ್ಟಬೇಕು ಎಂಬುದು ಕರ್ನಾಟಕದ ಲೆಕ್ಕ. ಅಲ್ಲಿಂದ ಕೆಲವೇ ಕಿಲೋಮೀಟರ್ ಇಳಿದರೆ ಗಡಿ. ನಮ್ಮ ಕೃಷ್ಣಗಿರಿ ಜಿಲ್ಲೆಯ ಬಿಳಿಗುಂಡ್ಲುವಿನಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರ. ಅದನ್ನೂ ದಾಟಿದರೆ ಹೊಗೇನಕಲ್ಲಿನ ಹರಿಗೋಲುಗಳು. ಎಷ್ಟು ನೀರು ಎಂದು ಎಲ್ಲರೂ ಕೇಳುತ್ತಿದ್ದಾರೆ. ಯಾವ ಹೊತ್ತಿಗೆ ಎಂದು ಕೇಳುವವರು ಕಾಣುತ್ತಿಲ್ಲ. ಹುಟ್ಟು ಹಿಡಿದವನಿಗೆ ಬೇಕಾದದ್ದು ಈ ಎರಡನೆಯ ಪ್ರಶ್ನೆಯ ಉತ್ತರ.

ಕಾವೇರಿ ಹಂಚಿಕೆಯ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ 2018ರ ತೀರ್ಪಿನ ಪ್ರಕಾರ ಬಿಳಿಗುಂಡ್ಲುವಿನಲ್ಲಿ ವರ್ಷಕ್ಕೆ 177.25 ಟಿಎಂಸಿ ಹಾಯಬೇಕು. ಫೆಬ್ರವರಿಯಿಂದ ಮೇವರೆಗೆ ತಿಂಗಳಿಗೆ ಎರಡೂವರೆ ಟಿಎಂಸಿ. ಈ ಎರಡೂವರೆಯನ್ನು ತಿಂಗಳುದ್ದಕ್ಕೂ ಸಮನಾಗಿ ಹರಿಸಿದರೆ ನದಿಯಲ್ಲಿ ಸುಮಾರು 1,000 ಕ್ಯುಸೆಕ್ ಇರುತ್ತದೆ. ಆದರೆ ಜಲವಿದ್ಯುತ್ತಿಗೆ ಬೆಲೆ ಬರುವುದು ಬೇಡಿಕೆ ಏರುವ ಹೊತ್ತಿನಲ್ಲಿ. ಅದೇ ನೀರನ್ನು ದಿನಕ್ಕೆ ನಾಲ್ಕೇ ತಾಸು ಟರ್ಬೈನಿಗೆ ಬಿಟ್ಟರೆ ಆ ನಾಲ್ಕು ತಾಸು 6,000 ಕ್ಯುಸೆಕ್, ಉಳಿದ ಇಪ್ಪತ್ತು ತಾಸು ಮಡುಗಳಲ್ಲಿ ನಿಂತ ನೀರು ಮತ್ತು ಬಂಡೆ. ದಾರಿಯ ಮಡುಗಳು ಆ ಏರಿಳಿತವನ್ನು ಸ್ವಲ್ಪ ತಗ್ಗಿಸಿಯಾವು, ಅಳಿಸಲಾರವು. ತಿಂಗಳ ಕೊನೆಗೆ ಎರಡೂ ಲೆಕ್ಕ ಒಂದೇ ಮೊತ್ತಕ್ಕೆ ಬರುತ್ತವೆ, ಎರಡೂ ರಾಜ್ಯಗಳ ಅಧಿಕಾರಿಗಳು ಸಹಿ ಹಾಕುತ್ತಾರೆ. ಬೆಳಿಗ್ಗೆ ಬಂಡೆಗೆ ತಾಗಿ ಕೂತ ಹರಿಗೋಲು ಸಂಜೆ ಸುಳಿಗೆ ಸಿಕ್ಕಿದ್ದು ಮಾತ್ರ ಯಾವ ದಾಖಲೆಗೂ ಬರುವುದಿಲ್ಲ.

ಇದಕ್ಕೆ ಮೊದಲ ಆಕ್ಷೇಪ: ಕಾವೇರಿ ಈಗಲೂ ತನ್ನಿಚ್ಛೆಯಂತೆ ಹರಿಯುತ್ತಿಲ್ಲ, ಕೆಆರ್‌ಎಸ್ ಮತ್ತು ಕಬಿನಿಯ ಗೇಟುಗಳ ಮಾತು ಕೇಳುತ್ತಿದೆ. ನಿಜ. ಆದರೆ ಕೆಆರ್‌ಎಸ್‌ನಿಂದ ಬಿಟ್ಟ ನೀರು ಗಡಿ ಮುಟ್ಟಲು ದಿನಗಟ್ಟಲೆ ಬೇಕು. ಅಷ್ಟರಲ್ಲಿ ಗೇಟಿನ ಏರಿಳಿತ ಹರಿವಿನಲ್ಲಿ ಕರಗುತ್ತದೆ, ಶಿಂಷಾ, ಅರ್ಕಾವತಿಗಳ ನೀರೂ ಬೆರೆಯುತ್ತದೆ. ಒಂಟಿಗುಂಡ್ಲುವಿನಿಂದ ಅಷ್ಟು ದೂರವೂ ಇಲ್ಲ, ಅಷ್ಟು ವ್ಯವಧಾನವೂ ಇಲ್ಲ. ಎರಡನೆಯ ಆಕ್ಷೇಪ: ಅಣೆಕಟ್ಟು ಪ್ರವಾಹ ತಡೆದರೆ ಹರಿಗೋಲು ನಿಷೇಧದ ದಿನಗಳು ಕಡಿಮೆಯಾಗುತ್ತವೆ. ಆದರೆ 2018ರಲ್ಲೂ 2022ರಲ್ಲೂ ಹೊಗೇನಕಲ್ಲಿಗೆ 2 ಲಕ್ಷ ಕ್ಯುಸೆಕ್ ಬಂದಿತ್ತು. ಆ ವೇಗದಲ್ಲಿ ದಿನಕ್ಕೆ 17 ಟಿಎಂಸಿ ಹರಿಯುತ್ತದೆ. ಪೂರ್ತಿ ಬರಿದಾದ ಮೇಕೆದಾಟು ಜಲಾಶಯವೂ ನಾಲ್ಕು ದಿನದೊಳಗೆ ತುಂಬುತ್ತದೆ. ಆಗಸ್ಟ್‌ನಲ್ಲಿ ಅದನ್ನು ಬರಿದಾಗಿಟ್ಟು ಕಾಯುವ ಎಂಜಿನಿಯರ್ ಯಾರೂ ಇರಲಾರರು. ಬೆಂಗಳೂರಿನ ಕುಡಿಯುವ ನೀರಿನ ವಾದವನ್ನು ಮಾತ್ರ ತಳ್ಳಿಹಾಕುವಂತಿಲ್ಲ. ಹೊಗೇನಕಲ್ಲಿನ ನೀರನ್ನೇ ಕುಡಿಯುವ ಹೊಸೂರಿನವರಿಗೆ ಆ ಹಕ್ಕೂ ಇಲ್ಲ. ಆದರೆ ನಗರಕ್ಕೆ ನೀರೆತ್ತಲು ನದಿಯನ್ನು ತಾಸುಗಟ್ಟಲೆ ಒಣಗಿಸಬೇಕಿಲ್ಲ. ಒಣಗಿಸುವುದು ವಿದ್ಯುತ್ತಿನ ವೇಳಾಪಟ್ಟಿ.

ಇನ್ನು ಹರಿಗೋಲಿನ ಬದಲು ಫೈಬರ್ ದೋಣಿ ಸಾಕೆನ್ನುವವರಿಗೆ ಒಂದು ಮಾತು. ಅರ್ಕಾವತಿ ಕಾವೇರಿಗೆ ಸೇರುವ ಸಂಗಮದ ಕಡವು ಮುಳುಗಿದರೇನು, ವಿಶಾಲವಾದ ಕೆರೆ ಸಿಗುತ್ತದೆ, ಮೋಟಾರು ದೋಣಿ ಓಡಿಸೋಣ ಎಂಬುದು ಅವರ ವಾದ. ನೇರ ಹೋಗಲಾರದ ಬುಟ್ಟಿ ಎಂದು ಹರಿಗೋಲನ್ನು ಆಡಿಕೊಳ್ಳುವವರೂ ಇವರೇ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯಸ್ ಆನೆಗೊಂದಿಯ ಕಡವಿನಲ್ಲಿ ಕಂಡದ್ದನ್ನು ಇವರು ಓದಲಿ. ಒಳಗೆ ಬೆತ್ತ, ಹೊರಗೆ ತೊಗಲು, ಬುಟ್ಟಿಯಂತೆ ದುಂಡಗಿನ ದೋಣಿ. ಹದಿನೈದು ಇಪ್ಪತ್ತು ಜನ ಹಿಡಿಯುತ್ತಾರೆ, ಬೇಕಾದರೆ ಕುದುರೆ ಎತ್ತುಗಳೂ ದಾಟುತ್ತವೆ. ಹುಟ್ಟು ಹಾಕಿದಷ್ಟೂ ತಿರುಗುತ್ತಲೇ ಸಾಗುತ್ತದೆ ಎಂದು ಬರೆದಿಟ್ಟಿದ್ದಾನೆ. ತಿರುಗುವುದನ್ನು ಅವನು ಕೊರತೆಯೆಂದೇ ಎಣಿಸಿದಂತಿದೆ, ಆದರೂ ರಾಜಧಾನಿಯ ಸಂಚಾರಕ್ಕೆ ಬೇರೆ ದೋಣಿ ಕಾಣಲಿಲ್ಲ. ಅದಕ್ಕೆ ಕಾರಣ ನದಿಯ ತಳದಲ್ಲಿದೆ. ಹರಿಗೋಲಿಗೆ ನೀರಿಗಿಳಿಯುವ ಅಡಿಮರ ಇಲ್ಲ, ಮುಂದು ಹಿಂದು ಇಲ್ಲ, ಗೇಣುದ್ದ ನೀರು ಸಾಕು. ಬಂಡೆ ತಾಗಿದರೆ ಬಾಗುತ್ತದೆ, ಒಡೆಯುವುದಿಲ್ಲ. ಬಂಡೆಗಳ ನಡುವೆ ಸಣ್ಣಗೆ, ನಿಲ್ಲದೆ ಹರಿಯುವ ನದಿಗೆಂದೇ ಆದ ದೋಣಿ ಇದು. ನಿಂತ ಕೆರೆಯಲ್ಲಿ ಇದರ ವಿದ್ಯೆಗೆ ಕೆಲಸವಿಲ್ಲ, ದಿಢೀರನೆ ಏರಿ ಇಳಿಯುವ ನದಿಯಲ್ಲಿ ಇದರ ವಿದ್ಯೆ ನಡೆಯುವುದಿಲ್ಲ.

ನದಿಗೆ ಅಡ್ಡ ಕಟ್ಟಿ ವಿದ್ಯುತ್ ತೆಗೆಯುತ್ತಲೇ ದೋಣಿಯವರನ್ನೂ ಲೆಕ್ಕಕ್ಕೆ ಹಿಡಿದ ಊರು ಇದೆ. ಫ್ರಾನ್ಸಿನ ರಾನ್ಸ್ ಅಳಿವೆಯಲ್ಲಿ 1966ರಿಂದ 240 ಮೆಗಾವ್ಯಾಟ್‌ನ ಉಬ್ಬರವಿಳಿತದ ಸ್ಥಾವರ ನಡೆಯುತ್ತಿದೆ. ಕಟ್ಟುವಾಗ ಅಳಿವೆಯನ್ನು ವರ್ಷಗಟ್ಟಲೆ ಮುಚ್ಚಿ ಅಲ್ಲಿನ ಜೀವಜಾಲವನ್ನು ಹಾಳುಗೆಡವಿದ ತಪ್ಪು ಅವರದೂ ಹೌದು. ಆದರೆ ಕಟ್ಟೆಯಲ್ಲಿ ದೋಣಿ ದಾಟಲು ದ್ವಾರವಿದೆ, ಒಳಗಿನ ನೀರಿನ ಮಟ್ಟದ ಮುನ್ಸೂಚನೆ ದೋಣಿಯವರಿಗೆ ಸಿಗುತ್ತದೆ. ಸಮುದ್ರದ ಉಬ್ಬರ ಪಂಚಾಂಗ ನೋಡಿದರೂ ತಿಳಿದೀತು. ಟರ್ಬೈನಿನ ಉಬ್ಬರ ತಿಳಿಯುವುದು ಗುಂಡಿ ಒತ್ತುವವರಿಗೆ ಮಾತ್ರ; ಹಾಗಾಗಿ ನಮ್ಮಲ್ಲಿ ಮುನ್ಸೂಚನೆಯ ಅಗತ್ಯ ಇನ್ನೂ ಹೆಚ್ಚು.

ಆದ್ದರಿಂದ ಯೋಜನೆಯ ವಿಸ್ತೃತ ವರದಿಯಲ್ಲಿ ಎರಡು ಸಾಲು ಸೇರಲೇಬೇಕು: ಬೇಸಿಗೆಯ ಯಾವ ತಾಸಿನಲ್ಲೂ ಇಷ್ಟಕ್ಕಿಂತ ಕಡಿಮೆ ನೀರು ಬಿಡುವುದಿಲ್ಲ ಎಂಬ ಮಿತಿ, ಮತ್ತು ಮರುದಿನದ ಬಿಡುಗಡೆಯ ವೇಳೆಯನ್ನು ಹಿಂದಿನ ದಿನವೇ ಕನ್ನಡ ಮತ್ತು ತಮಿಳಿನಲ್ಲಿ ಕಡವುಗಳಲ್ಲಿ ಹಾಕುವ ಕಟ್ಟಳೆ. ಇದಕ್ಕೆ ಒಂದು ಟಿಎಂಸಿಯೂ ಹೆಚ್ಚು ಬೇಡ. ಟಿಎಂಸಿಗಾಗಿ ಜಗಳವಾಡುವ ಎರಡೂ ಸರ್ಕಾರಗಳು ಜಗಳವಿಲ್ಲದೆ ಒಪ್ಪಬಹುದಾದ ಇಷ್ಟನ್ನಾದರೂ ಒಪ್ಪಲಿ.