‘ಹೇಮಾಡಪಂತಿ’: ಒಂದು ಹೆಸರಿನ ಪರಾಮರ್ಶೆ

ಯೇವಲಾ ಪರಿಸರದ ಮಧ್ಯಕಾಲೀನ ಗುಡಿಗಳನ್ನು ಕುರಿತ ಬರಹಗಳಲ್ಲಿ ‘ಹೇಮಾಡಪಂತಿ’ ಎಂಬ ಹೆಸರು ಪ್ರಶ್ನೆಯಿಲ್ಲದೆ ಬಳಕೆಯಾಗುತ್ತ ಬಂದಿದೆ. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿ ಕಟ್ಟುವ ವಿಧಾನಕ್ಕೆ ಸೇವುಣರ ಮಂತ್ರಿ ಹೇಮಾದ್ರಿಯ ಹೆಸರನ್ನು ಅಂಟಿಸಿದ್ದರ ಫಲವಿದು. ಹೇಮಾದ್ರಿಯು ಮಹಾದೇವ, ರಾಮಚಂದ್ರರ ಆಳ್ವಿಕೆಯವನು. ಎಂದರೆ 13ನೆಯ ಶತಮಾನದ ಉತ್ತರಾರ್ಧದವನು. ಶಿಲಾಹಾರರ ಕಾಲದ ಅಂಬರನಾಥದ ಗುಡಿಯ ಶಾಸನವಾದರೋ ಶಕ 982ರದು (ಕ್ರಿ.ಶ. 1060). ಎರಡು ಶತಮಾನ ಹಿಂದಿನ ಕಟ್ಟಡಕ್ಕೂ ಅದೇ ಹೆಸರು ಸಲ್ಲುವುದಾದರೆ, ಅದು ಕಾಲವನ್ನೂ ಹೇಳದು, ಕರ್ತೃವನ್ನೂ ಹೇಳದು. ಯೇವಲಾ ತಾಲ್ಲೂಕಿನ ಅಂಕಾಯಿ-ಟಂಕಾಯಿಯ ಜೈನ ಗುಹೆಗಳಲ್ಲಿ ಕಟ್ಟಿದ ಗುಡಿಗಳ ಕಂಬ, ಬಾಗಿಲುವಾಡಗಳ ರೂಪಗಳೇ ಬಂಡೆಯಲ್ಲಿ ಮೂಡಿವೆ. ಅಲ್ಲಿ ಗಾರೆಯ ಪ್ರಶ್ನೆಯೇ ಏಳುವುದಿಲ್ಲ. ಶೈಲಿ ಬೇರೆ, ಕಟ್ಟುವ ವಿಧಾನ ಬೇರೆ.

ಈ ವಿಷಯದಲ್ಲಿ ಕನ್ನಡ ವಿದ್ವಾಂಸರೂ ಎಚ್ಚರ ವಹಿಸಬೇಕು. ಸೇವುಣರ ಕನ್ನಡ ಶಾಸನಗಳು ವಿಪುಲವಾಗಿವೆಯೆಂಬುದು ನಿಜ. ಆದರೆ ಅವುಗಳ ಬಲದಿಂದ ಸಿನ್ನರದ ಗೊಂಡೇಶ್ವರವನ್ನು ‘ಕರ್ನಾಟಕ ಶೈಲಿ’ಯದೆನ್ನಲಾಗದು. ಎತ್ತರದ ಜಗತಿಯ ಮೇಲಿನ ಈ ಪಂಚಾಯತನದ ಪ್ರಧಾನ ಗುಡಿಯ ಶಿಖರ ಭೂಮಿಜ ವರ್ಗದ್ದು: ನಾಲ್ಕು ದಿಕ್ಕಿಗೆ ಲತೆಗಳು, ಅವುಗಳ ನಡುವೆ ಅಂತಸ್ತು ಅಂತಸ್ತಾಗಿ ಏರುವ ಕಿರುಶಿಖರಗಳ ಸಾಲು. ಮಾಳವದ ಭೋಜನ ಹೆಸರಿನಲ್ಲಿರುವ ‘ಸಮರಾಂಗಣಸೂತ್ರಧಾರ’ ಈ ವರ್ಗವನ್ನು ವಿವರಿಸುತ್ತದೆ. ಬೇಲೂರಿನ ಚೆನ್ನಕೇಶವ ದೇವಾಲಯದ ಸೋಪಾನಗಳ ಇಕ್ಕೆಲದ ಕಿರುಗುಡಿಗಳಲ್ಲಿಯೂ ಇದೇ ಬಗೆಯ ಶಿಖರಗಳಿವೆ. ಅದರಿಂದ ಬೇಲೂರು ಮಾಳವದ್ದಾಗದು. ಹಾಗೆಯೇ ಶಾಸನಗಳಿಂದ ಸಿನ್ನರ ಕರ್ನಾಟಕದ್ದಾಗದು. ಶಾಸನದ ಭಾಷೆ ಆಡಳಿತಕ್ಕೂ ಜನಜೀವನಕ್ಕೂ ಸಾಕ್ಷಿ. ಶಿಲ್ಪಿಯ ಪರಂಪರೆಗೆ ಕಟ್ಟಡವೇ ಮೊದಲ ಸಾಕ್ಷಿ. ಇವೆರಡನ್ನೂ ಬೇರ್ಪಡಿಸಿ ಓದಿದಾಗ ಮಾತ್ರ ಗಡಿನಾಡಿನ ಚರಿತ್ರೆ ಹಕ್ಕಿನ ವಾದದಿಂದ ಬಿಡುಗಡೆ ಪಡೆದೀತು.